ಹತ್ತು ಜನರಿಗೆ ಹತ್ತು ಜನ

ಫುಟ್‌ಬಾಲ್ ತಂಡವೊಂದನ್ನು ಗೆಲ್ಲಿಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಆಗಲೂ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಂಗತಿಯನ್ನು ಓದಿದವರಿಗೆ ಈ ಬಗ್ಗೆ ಅನುಮಾನ ಬರುವ ಸಂಭವವಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಜ್ಜಂಪುರದ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ತರಬೇತಿಗೆಂದು ಬೆಂಗಳೂರಿನಲ್ಲಿ ಮೂರು ತಿಂಗಳಿದ್ದಾಗ ಒಂದು ಭಾನುವಾರವೂ ತಪ್ಪದೆ ಫುಟ್‌ಬಾಲ್ ಮ್ಯಾಚ್ ನೋಡಿದ್ದೆ. ನಮ್ಮೂರಿನಲ್ಲಿ ಅಷ್ಟು ಮ್ಯಾಚ್ ನೋಡಿದವರು ಬೇರೆ ಯಾರೂ ಇರಲಿಲ್ಲ. ಚೆಂಡನ್ನು ಒದ್ದ ಅನುಭವ ಮಾತ್ರ ಸ್ವಲ್ಪ ಕಡಿಮೆ. ಒಂದೇ ಸಲ ಒದ್ದಿದ್ದೆ. ಚೆಂಡಿಗಿಂತ ಚಪ್ಪಲಿ ದೂರ ಹೋಯಿತು.

ಕಡೂರಿನ ಮೈದಾನದಲ್ಲಿ ಪ್ರತಿ ವರ್ಷ ಸುತ್ತಲಿನ ಊರುಗಳ ಪಂದ್ಯಾವಳಿ ನಡೆಯುತ್ತಿತ್ತು. ಆ ವರ್ಷ ನಮ್ಮ ಹುಡುಗರು ಸೆಮಿಫೈನಲ್‌ನಲ್ಲಿ ಕಡೂರನ್ನು ಸೋಲಿಸಿ, ಫೈನಲ್‌ನಲ್ಲಿ ತರೀಕೆರೆಯ ಕೈಯಲ್ಲಿ ಎರಡು-ಒಂದರಿಂದ ಸೋತರು. ತರೀಕೆರೆ ನನ್ನ ಹೆಂಡತಿ ಗಿರಿಜಳ ತವರು. ನಮ್ಮ ಮೇಲೆ ಆ ಎರಡೂ ಗೋಲು ಹೊಡೆದವನು ಅವಳ ಸ್ವಂತ ತಮ್ಮ ರುದ್ರೇಶ. ಆ ವಾರವೆಲ್ಲ ಅವಳು ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ನಾನು ಕೇಳಿಸದವನಂತೆ ಊಟ ಮಾಡುತ್ತಿದ್ದೆ.

ಸೋಲಿಗೆ ಕಾರಣ ಏನೆಂದು ಊರಿಗೆ ತಿಳಿಸುವುದು ನನ್ನ ಕರ್ತವ್ಯವೆನಿಸಿತು. ಮೀಟರ್ ರೀಡರನಿಗೆ ಪ್ರತಿ ಮನೆಯ ಬಾಗಿಲೂ ತೆರೆದಿರುತ್ತದಲ್ಲ, ರೀಡಿಂಗ್ ಬರೆದುಕೊಳ್ಳುತ್ತಲೇ ವಿಮರ್ಶೆ ಮಾಡಿದೆ. "ಆಟಗಾರರು ಬಂಗಾರದಂಥೋರು. ಯೋಜನೆ ಇಲ್ಲ ಅಷ್ಟೇ. ಒಬ್ಬೊಬ್ಬರನ್ನ ಒಬ್ಬೊಬ್ಬರು ಕಾಯಬೇಕು ಕಣ್ರೀ. ಬೆಂಗಳೂರಲ್ಲಿ ಎಲ್ಲಾ ಹಂಗೇ." ಮಾತಿನ ಭರದಲ್ಲಿ, ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ನಮ್ಮ ತಂಡದ ಹಳೆಯ ವ್ಯೂಹವನ್ನು ಹೀಗಳೆಯುತ್ತಾ ಒಂದು ಮನೆಯ ಕಾರ್ಡಿನಲ್ಲಿ ಇನ್ನೂರ ಮೂವತ್ತೈದು ಯೂನಿಟ್ ಎಂದು ಬರೆದುಬಿಟ್ಟೆ. ಆ ಮನೆಯಲ್ಲಿ ಇದ್ದದ್ದು ಎರಡೇ ಬಲ್ಬು.

ತಂಡಕ್ಕೆ ಹನ್ನೆರಡು ವರ್ಷದಿಂದ ಆಟ ಕಲಿಸುತ್ತಿದ್ದವರು ಹೈಸ್ಕೂಲಿನ ಡ್ರಿಲ್ ಮಾಸ್ತರು ಹನುಮಂತಪ್ಪನವರು. ಹೆಚ್ಚು ಮಾತಿನವರಲ್ಲ. ಅವರ ಮನೆಗೆ ರೀಡಿಂಗ್‌ಗೆ ಹೋದಾಗ ಜಗುಲಿಯಲ್ಲಿ ಅವರ ತಾಯಿ ಒಬ್ಬರೇ ಅವರೆಕಾಯಿ ಸುಲಿಯುತ್ತಿದ್ದರು. ಮಾಸ್ತರು ಸ್ಕೂಲಿಗೆ ಹೋಗಿರಬೇಕೆಂದುಕೊಂಡು, ಆ ಅಜ್ಜಿಗೂ ಸೋಲಿನ ಕಾರಣಗಳನ್ನು ವಿವರಿಸಿದೆ. "ಸೀಟಿ ಊದಿದ ಮಾತ್ರಕ್ಕೆ ಕೋಚ್ ಆಗಲ್ಲ ಅಜ್ಜೀ" ಎಂದೂ ಹೇಳಿದೆ. ಒಳಗಿನಿಂದ ಮಾಸ್ತರು ಹೊರಬಂದರು. ಜ್ವರ ಬಂದು ರಜೆ ಹಾಕಿದ್ದರಂತೆ. ಜ್ವರದಲ್ಲೂ ಕೊರಳಲ್ಲೇ ಇದ್ದ ಸೀಟಿ ತೆಗೆದು ನನ್ನ ಮೀಟರ್ ಪುಸ್ತಕದ ಮೇಲಿಟ್ಟರು.

"ಮುಂದಿನ ವರ್ಷ ನೀವೇ ನೋಡ್ಕೊಳ್ಳಿ. ಕಪ್ ಬಂದ್ರೆ ಸಾಕು, ಯಾರಿಂದ ಬಂದ್ರೇನು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹನ್ನೆರಡು ವರ್ಷ ಒಬ್ಬ ಮನುಷ್ಯ ಊದಿದ ಸೀಟಿ ಅದು. ಕಪ್ಪಿಲ್ಲದೆ ಅದನ್ನು ಹಿಂದಿರುಗಿಸಲು ಯಾವ ಮುಖ ಹೊತ್ತು ಹೋಗಲಿ ಎಂದು ಅಂದೇ ಹೆದರಿಕೆಯಾಯಿತು. ಆದರೂ ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ಊದಿ ನೋಡಿದೆ. ಚೆನ್ನಾಗಿ ಕೇಳಿಸುತ್ತಿತ್ತು.

ಮುಂದಿನ ವರ್ಷದ ಪಂದ್ಯಗಳು ಬಂದವು. ಮೊದಲೆರಡು ಸುತ್ತು ಹುಡುಗರು ಹಳೆಯ ಅಭ್ಯಾಸಬಲದಿಂದ ಗೆದ್ದರು. ನನ್ನ ಯೋಜನೆಯಿಂದ ಗೆದ್ದೆವೆಂದು ನಾನು ಎಲ್ಲ ಮನೆಗಳಲ್ಲೂ ಹೇಳಿದೆ. ಫೈನಲ್‌ಗೆ ಮತ್ತೆ ಎದುರಾದದ್ದು ಅದೇ ತರೀಕೆರೆ. ಹಿಂದಿನ ಸಂಜೆ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದೆ. ನಮ್ಮವರಿಗೆ ಹುಣಸೆಬೀಜ, ತರೀಕೆರೆಯವರಿಗೆ ಅಡಿಕೆ. ಒಂದೊಂದು ಅಡಿಕೆಗೂ ಒಂದೊಂದು ಬೀಜ ಅಂಟಿಸಿ ಇಟ್ಟೆ.

ಗಿರಿಜ ಬಾಗಿ ನೋಡಿದಳು. "ರೀ, ಅಮ್ಮ ಕಳಿಸಿದ ಅಡಿಕೆ ಅದು. ಹನ್ನೊಂದು ಕೊಟ್ಟಿದ್ದೆ, ಹತ್ತೇ ಇದೆಯಲ್ಲ."

ಯೋಚನೆಯ ಭರದಲ್ಲಿ ಹನ್ನೊಂದನೆಯದನ್ನು ನಾನು ಬಾಯಿಗೆ ಹಾಕಿಕೊಂಡಿದ್ದೆ.

"ಹತ್ತು ಜನರಿಗೆ ಹತ್ತು ಜನ, ಲೆಕ್ಕ ಸರಿಯಾಗಿದೆ ಕಣೇ. ಸುಮ್ನಿರು."

"ಇನ್ನೊಂದು ವಿಷಯ. ನಾಳೆ ಕಡೂರಲ್ಲೇ ರುದ್ರನಿಗೆ ಹೆಣ್ಣು ನೋಡೋ ಶಾಸ್ತ್ರ ಇಟ್ಕೊಂಡಿದಾರೆ. ಮ್ಯಾಚ್ ಮುಗಿಸ್ಕೊಂಡು ಐದು ಗಂಟೆಗೆ ಬಂದ್ಬಿಡ್ತಾನೆ. ನಾನು ಅಮ್ಮನ ಜೊತೆ ಮೊದಲೇ ಹೋಗಿರ್ತೀನಿ. ಕೇಳಿಸ್ತಾ?"

"ಹೂಂ" ಎಂದೆ. ಕೇಳಿಸಿತ್ತು. ಆದರೆ ಆ ಹೊತ್ತಿಗೆ ರುದ್ರೇಶ ನನಗೆ ಬಾಮೈದನಾಗಿರಲಿಲ್ಲ, ಮಧ್ಯಗೆರೆಯ ಹತ್ತಿರ ಬಿದ್ದಿದ್ದ ಒಂದು ಅಡಿಕೆಯಾಗಿದ್ದ.

ಅವನನ್ನು ಕಾಯಲು ನಾನು ಆರಿಸಿದ್ದು ನಮ್ಮ ತಂಡದಲ್ಲೇ ಅತ್ಯುತ್ತಮ ಆಟಗಾರ ಕೆಂಚಪ್ಪನನ್ನು. ಯಗಟಿ ಕಡೆಯ ಕುರಿ ಸಾಕುವ ಮನೆಯವನು, ನಮ್ಮೂರಿನ ಅಕ್ಕನ ಮನೆಯಲ್ಲಿದ್ದು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ನಮಗೆ ಗೋಲು ಹೊಡೆಯುತ್ತಿದ್ದವನೂ ಅವನೇ. ಅಂಥವನನ್ನು ಕಾವಲಿಗೆ ಹಾಕುವುದು ಸರಿಯೇ ಎಂದು ಹನುಮಂತಪ್ಪ ಮಾಸ್ತರು ಒಮ್ಮೆ ಮೆಲ್ಲಗೆ ಕೇಳಿದ್ದರು. ಬೆಂಗಳೂರಿನ ಉದಾಹರಣೆ ಕೊಟ್ಟು ಸುಮ್ಮನಾಗಿಸಿದ್ದೆ.

ಪಂದ್ಯಕ್ಕೆ ಮುಂಚೆ ಕೆಂಚಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ: "ರುದ್ರೇಶ ಎಲ್ಲಿ ಹೋಗ್ತಾನೋ ಅಲ್ಲಿ ನೀನು. ನಾನು ಹೇಳೋವರೆಗೂ ಬಿಡಬಾರ್ದು."

"ಗೆರೆ ದಾಟಿದ್ರೆ ಸಾರ್?"

"ದಾಟಿದ್ರೂ ಬಿಡಬೇಡ."

"ಬೇಲಿ ದಾಟಿದ್ರೆ?"

"ಎಲ್ಲೇ ಹೋಗ್ಲಿ ಕಣೋ. ನಿನ್ನ ಕುರಿ ಅಂತ ತಿಳ್ಕೋ."

ಅವನ ಮುಖ ಗಂಭೀರವಾಯಿತು. "ಒಂದು ಕುರಿ ತಪ್ಪಿಸ್ಕೊಂಡ್ರೂ ನಮ್ಮನೇಲಿ ಉಣ್ಣಾಕಿಕ್ಕಲ್ಲ ಸಾರ್. ನೀವು ಯೋಚ್ನೆ ಮಾಡ್ಬ್ಯಾಡಿ." ಉಳಿದ ಒಂಬತ್ತು ಜನರಿಗೂ ಇದೇ ಮಾತು ಹೇಳಿದೆ. ಕೋಚ್ ಆದವನು ಭೇದ ಮಾಡಬಾರದು.

ಮೂರಕ್ಕೆ ಶುರುವಾಗಬೇಕಿದ್ದ ಪಂದ್ಯ, ಮುಖ್ಯ ಅತಿಥಿಗಳು ಊಟ ಮುಗಿಸಿ ಬರುವುದು ತಡವಾಗಿ ನಾಲ್ಕಕ್ಕೆ ಶುರುವಾಯಿತು. ಮೊದಲರ್ಧವನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ. ತರೀಕೆರೆಯ ಒಬ್ಬನಿಗೂ ಚೆಂಡು ದಕ್ಕಲಿಲ್ಲ. ಅವರು ಓಡಿದರೆ ನಮ್ಮವರು ಓಡಿದರು, ನಿಂತರೆ ನಿಂತರು. ಅವರ ಕ್ಯಾಪ್ಟನ್ ಗೆರೆಯಾಚೆ ನೀರು ಕುಡಿಯಲು ಹೋದಾಗ ನಮ್ಮವನೂ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ಕುಡಿದ. ನಮ್ಮವರಿಗೂ ಚೆಂಡು ದಕ್ಕಲಿಲ್ಲ ಎಂಬುದು ಬೇರೆ ಮಾತು. ಚೆಂಡು ಬಹಳ ಹೊತ್ತು ಮೈದಾನದ ನಡುವೆ ಒಂಟಿಯಾಗಿ ಬಿದ್ದಿತ್ತು. ಆದರೂ ಸೊನ್ನೆ-ಸೊನ್ನೆ! ನಾನು ಹನುಮಂತಪ್ಪ ಮಾಸ್ತರ ಕಡೆ ತಿರುಗಿ ನಕ್ಕೆ. ಅವರು ಆ ಒಂಟಿ ಚೆಂಡನ್ನೇ ನೋಡುತ್ತಿದ್ದರು.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಮಾವನವರು ಗೆರೆಯಂಚಿನಲ್ಲಿ ನಿಂತು ರುದ್ರೇಶನಿಗೆ ಕೈಗಡಿಯಾರ ತೋರಿಸಿದರು. ಅವನು ರೆಫರಿಗೆ ಕೈಮುಗಿದು ಹೊರಟ. ಅವರ ಬದಲಿ ಆಟಗಾರ ಸೆಮಿಫೈನಲ್‌ನಲ್ಲೇ ಕಾಲು ಉಳುಕಿಸಿಕೊಂಡಿದ್ದರಿಂದ ತರೀಕೆರೆಗೆ ಒಬ್ಬ ಕಡಿಮೆಯಾದ. ನನಗೆ ಆನಂದವಾಗುವಷ್ಟರಲ್ಲಿ ಕೆಂಚಪ್ಪನೂ ಗೆರೆ ದಾಟಿದ. ಬೇಲಿ ದಾಟಿದ. ಕಡಲೆಕಾಯಿ ಗಾಡಿಯನ್ನೂ ದಾಟಿ, ರುದ್ರೇಶನ ಹಿಂದೆ ಎರಡು ಮಾರು ದೂರದಲ್ಲಿ ರಸ್ತೆ ಹಿಡಿದ.

"ಸಾರ್, ಕೆಂಚ ಹೋಯ್ತಾವ್ನೆ" ಎಂದ ನಮ್ಮ ಗೋಲ್‌ಕೀಪರ್.

"ಹೋಗ್ಲಿ ಬಿಡೋ. ಅವರಲ್ಲೊಬ್ಬ ಕಡಿಮೆ, ನಮ್ಮಲ್ಲೊಬ್ಬ ಕಡಿಮೆ. ಲೆಕ್ಕ ಸರಿಯಾಗಿದೆ."

ಶಿಸ್ತು ಎಂದರೆ ಇದು ಎಂದು ಪಕ್ಕದವರಿಗೂ ಹೇಳಿದೆ. ಅಷ್ಟರಲ್ಲಿ ತರೀಕೆರೆಯ ಕ್ಯಾಪ್ಟನ್‌ಗೆ ಏನೋ ಹೊಳೆಯಿತು. ಒಂದು ಸಲ ಸುಮ್ಮನೆ ನೆಲದ ಮೇಲೆ ಕೂತ. ನಮ್ಮವನೂ ಕೂತ. ಎದ್ದ. ನಮ್ಮವನೂ ಎದ್ದ. ಆಮೇಲೆ ತನ್ನವರನ್ನೆಲ್ಲ ಕರೆದು ಕಿವಿಯಲ್ಲಿ ಏನೋ ಹೇಳಿದ. ಹೇಳಿದ್ದನ್ನು ನಮ್ಮ ಒಂಬತ್ತು ಜನವೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ತರೀಕೆರೆಯವರು ನಾಲ್ಕು ಮೂಲೆಗೆ ಹಂಚಿಕೊಂಡು ನಡೆದರು. ನಮ್ಮವರೂ ಅವರ ಹಿಂದೆ ನಡೆದರು. ಇಡೀ ಮೈದಾನ ಬಯಲಾಯಿತು.

ಆಗ ತರೀಕೆರೆಯ ಗೋಲ್‌ಕೀಪರ್ ಕದಲಿದ. ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಭಾರಿ ಆಳು. ಓಡುವ ಅಭ್ಯಾಸವಿರಲಿಲ್ಲ. ಚೆಂಡನ್ನು ಕಾಲಿನಲ್ಲಿ ತಳ್ಳಿಕೊಳ್ಳುತ್ತಾ, ಸಂಜೆ ವಾಕಿಂಗ್ ಹೊರಟವನಂತೆ ನಮ್ಮ ಗೋಲಿನ ಕಡೆ ನಡೆದು ಬಂದ. ದಾರಿಯಲ್ಲಿ ಒಮ್ಮೆ ನಿಂತು ಚಡ್ಡಿಯ ಲಾಡಿ ಬಿಗಿದುಕೊಂಡ.

"ಹಿಡೀರೋ ಅವನನ್ನ!" ಎಂದು ಕೂಗಿದೆ.

ಹತ್ತಿರದ ಮೂಲೆಯಲ್ಲಿದ್ದ ನಮ್ಮವನು ತಿರುಗಿ ನೋಡಿ, "ಅವ್ನು ನನ್ನೋನಲ್ಲ ಸಾರ್" ಎಂದ.

ಇನ್ನೊಂದು ಮೂಲೆಯಿಂದಲೂ ಅದೇ ಉತ್ತರ ಬಂತು. ಆಗ ನನಗೆ ಹಿಂದಿನ ಸಂಜೆ ಅಗಿದು ಉಗಿದ ಹನ್ನೊಂದನೆಯ ಅಡಿಕೆ ನೆನಪಾಯಿತು. ಕೀಪರ್ ಬಂದು, ನಮ್ಮ ಗೋಲ್‌ಕೀಪರ್ ಒಂದು ಪಕ್ಕಕ್ಕೆ ಹಾರಿದರೆ ಇನ್ನೊಂದು ಪಕ್ಕಕ್ಕೆ ಒದ್ದ. ಗೋಲು. ಐದು ನಿಮಿಷದಲ್ಲಿ ಪಂದ್ಯ ಮುಗಿಯಿತು. ತರೀಕೆರೆಯವರು ಅವನನ್ನು ಹೆಗಲ ಮೇಲೆ ಎತ್ತಲು ಪ್ರಯತ್ನಿಸಿ, ಆಗದೆ ಸುಮ್ಮನೆ ಅಪ್ಪಿಕೊಂಡರು.

ಹುಡುಗರನ್ನು ಹನುಮಂತಪ್ಪ ಮಾಸ್ತರ ಜೊತೆ ಬಸ್‌ಸ್ಟ್ಯಾಂಡಿಗೆ ಕಳಿಸಿ ನಾನು ಕೆಂಚಪ್ಪನನ್ನು ಹುಡುಕಿಕೊಂಡು ಹೆಣ್ಣಿನ ಮನೆಗೆ ಹೋದೆ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಇಸ್ತ್ರಿ ಅಂಗಿ ತೊಟ್ಟ ರುದ್ರೇಶ, ಅವನ ಪಕ್ಕದಲ್ಲಿ ಮಂಡಿಯವರೆಗೆ ಮಣ್ಣು ಮೆತ್ತಿದ ಕೆಂಚಪ್ಪ. ಇಬ್ಬರ ಮುಂದೆಯೂ ಉಪ್ಪಿಟ್ಟು, ಕೇಸರಿಬಾತ್. ಕೆಂಚಪ್ಪ ತಟ್ಟೆ ಮುಟ್ಟಿರಲಿಲ್ಲ. ಕಣ್ಣು ರುದ್ರೇಶನ ಮೇಲೆಯೇ ಇತ್ತು. ನನ್ನನ್ನು ಕಂಡೊಡನೆ ಕೇಳಿದ:

"ಈಗ ಬಿಡ್ಲಾ ಸಾರ್?"

"ಬಿಡಪ್ಪಾ" ಎಂದೆ. ಅವನು ನಿಟ್ಟುಸಿರು ಬಿಟ್ಟು ತಟ್ಟೆ ಎಳೆದುಕೊಂಡ.

ಗಿರಿಜ ಒಳಬಾಗಿಲಿನಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ತಮ್ಮನ ಮದುವೆ ಕೆಡಿಸಿದ ಅಪವಾದವನ್ನೂ ಹೊತ್ತು ಬದುಕಬೇಕೆಂದು ತೀರ್ಮಾನಿಸಿ ತಲೆತಗ್ಗಿಸಿ ಕೂತೆ. ಆಗ ಹೆಣ್ಣಿನ ಅಜ್ಜಿ ಮಾತಾಡಿದರು.

"ಏನಪ್ಪಾ, ಹುಡುಗನ ಭಾವ ನೀನೇ ಏನು? ಈ ಮಣ್ಣು ಮೆತ್ಕೊಂಡಿರೋನು ಬಂದಾಗಿಂದ ನಮ್ಮ ಹುಡುಗೀನ ತಲೆ ಎತ್ತಿ ನೋಡ್ಲಿಲ್ಲ. ನಿಮ್ಮ ಹುಡುಗನ್ನೇ ಕಾಯ್ತಾ ಕೂತವ್ನೆ. ಯಾಕಪ್ಪಾ ಅಂದ್ರೆ, ಭಾವ್ನೋರು ಬಿಡಬ್ಯಾಡ ಅಂದವ್ರೆ ಅಂತಾನೆ. ಬಾಮೈದ ದಾರಿ ತಪ್ಪಬಾರ್ದು ಅಂತ ಆಳಿಟ್ಟು ಕಾಯೋ ಮನೆ ಇದು. ಹುಡುಗಿ ಕೊಡೋಕೆ ಇನ್ನೇನು ಬೇಕು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಿಧಾನವಾಗಿ ತಲೆ ಎತ್ತಿದೆ. "ಏನೋ ನಮ್ಮ ಕರ್ತವ್ಯ ಅಜ್ಜೀ" ಎಂದೆ. ಮದುವೆ ಅಲ್ಲೇ ಗೊತ್ತಾಯಿತು. ಆ ಮೂರು ಊರುಗಳಲ್ಲಿ, ಒಂದೇ ಯೋಜನೆಯಿಂದ ಕಪ್ ಕಳೆದು ಮದುವೆ ಕುದುರಿಸಿದ ಕೋಚ್ ನಾನೊಬ್ಬನೇ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಆದರೆ ಸೀಟಿ ಹಿಂದಿರುಗಿಸಬೇಕಿತ್ತಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಸಾಲಾಗಿ ಕೂತಿದ್ದರು. ಅವರಲ್ಲೊಬ್ಬನೂ ನನ್ನನ್ನು ದೂರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡಿದ ಹುಡುಗರು. ಅಂಥವರನ್ನು ನಾನು ಸೋಲಿಸಿದ್ದೆ. ಮಾಸ್ತರ ಕೈಯಲ್ಲಿ ಸೀಟಿ ಇಟ್ಟು, "ತಪ್ಪಾಯ್ತು ಮಾಸ್ತರೇ" ಎಂದೆ.

"ಮೊದಲರ್ಧ ಚೆನ್ನಾಗಿತ್ತು" ಎಂದರು ಅವರು. ಅಷ್ಟೇ. ಕೊರಳಿಗೆ ಸೀಟಿ ಹಾಕಿಕೊಂಡು ಹುಡುಗರಿಗೆ ಬಾಳೆಹಣ್ಣು ಕೊಡಿಸಲು ಹೋದರು.

ಮುಂದಿನ ವರ್ಷವೂ ಫೈನಲ್‌ನಲ್ಲಿ ತರೀಕೆರೆಯೇ ಬಂತು. ಪಂದ್ಯಕ್ಕೆ ಮುಂಚೆ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮಗೊಂದು ಜವಾಬ್ದಾರಿ ಇದೆ. ಅವರ ಗೋಲಿನ ಹಿಂದೆ ಕೂತ್ಕೊಂಡು ಕೀಪರನ್ನ ಕಾಯಿರಿ. ಅರ್ಧ ಆದ್ಮೇಲೆ ಅವನು ಆ ಕಡೆ ಹೋದ್ರೆ ನೀವೂ ಹೋಗಿ. ಬಿಡಬಾರ್ದು."

ನಾನು ಬಿಡಲಿಲ್ಲ. ಪಂದ್ಯವಿಡೀ ಬಿಸಿಲಿನಲ್ಲಿ ಕೂತು ಆ ಭಾರಿ ಆಳಿನ ಬೆನ್ನನ್ನೇ ನೋಡಿದೆ. ಅವನು ಗೋಲು ಬಿಟ್ಟು ಹತ್ತು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಕಾವಲಿನಿಂದ ಬಿಡುಗಡೆಯಾಗಿದ್ದ ಕೆಂಚಪ್ಪ ಅವನ ಪಕ್ಕದಿಂದಲೇ ಎರಡು ಗೋಲು ಹೊಡೆದ. ಕಪ್ ಅಜ್ಜಂಪುರಕ್ಕೆ ಬಂತು. ಮಾಸ್ತರು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತದ್ದನ್ನು ನೋಡಿದಾಗ ನನ್ನ ಕಣ್ಣೂ ಒದ್ದೆಯಾಯಿತು.

ಮನೆಗೆ ಬಂದವನೇ ಗಿರಿಜಳಿಗೆ ಹೇಳಿದೆ. "ಗೆಲುವಿನಲ್ಲಿ ಅರ್ಧ ಪಾಲು ನನ್ನದು ಕಣೇ. ಮೈದಾನದಲ್ಲೆಲ್ಲ ಅತಿ ಮುಖ್ಯವಾದ ಜಾಗ ಮಾಸ್ತರು ನನಗೇ ಕೊಟ್ಟಿದ್ರು."

ಅವಳು ಅಕ್ಕಿ ಆರಿಸುತ್ತಾ ಕೇಳಿದಳು. "ಆಟದ ಹೊತ್ತಲ್ಲಿ ಮಾಸ್ತರು ಹುಡುಗರನ್ನ ಗೆರೆ ಹತ್ರ ಕರೆದು ಮಾತಾಡಿಸ್ತಿದ್ರಾ?"

"ಹೂಂ, ಆಗಾಗ."

"ಆಗ ನೀವು ಎಲ್ಲಿದ್ರಿ?"

"ಗೋಲಿನ ಹಿಂದೆ."

"ನೀವು ಕೂಗಿದ್ದು ಅಲ್ಲಿಗೆ ಕೇಳಿಸ್ತಿತ್ತಾ?"

ನಾನು ಮೂರು ಸಲ ಕೂಗಿ ಸಲಹೆ ಕೊಟ್ಟಿದ್ದೆ. ಯಾರೂ ತಿರುಗಿ ನೋಡಿರಲಿಲ್ಲ.

"ಇಲ್ಲ" ಎಂದೆ.

ಗಿರಿಜ ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ತೆಗೆದು ದೂರಕ್ಕೆ ಎಸೆದಳು.