ಬುರುಡಿ ಮಾಮಾನ ಏಕಾದಶಿ

ಹಯವದನರಾಯರಿಗೆ ವಡೋದರಾಕ್ಕೆ ವರ್ಗವಾದಾಗ ಧಾರವಾಡದ ಬಂಧುಬಳಗವೆಲ್ಲ ಅಯ್ಯೋ ಪಾಪ ಎಂದಿತ್ತು. ರಾಯರೊಬ್ಬರೇ ಎದೆ ಉಬ್ಬಿಸಿಕೊಂಡು ಓಡಾಡಿದ್ದರು. "ಗುಜರಾತ ಅಂದ್ರ ಏನಂತ ತಿಳದೀರಿ? ಇಡೀ ರಾಜ್ಯದಾಗ ಹನಿ ದಾರೂ ಸಿಗಂಗಿಲ್ಲ. ನಮ್ಮಂಥಾವರಿಗೆ ಹೇಳಿ ಮಾಡಿಸಿದ ಜಾಗಾ," ಎಂದು ಬೀಳ್ಕೊಡಲು ಬಂದವರಿಗೆಲ್ಲ ಉಪನ್ಯಾಸ ಕೊಟ್ಟಿದ್ದರು. (ಸಿಗುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲವೆಂದು ಬಂದ ತಿಂಗಳೇ ಅವರು ಕೆಲಸ ಮಾಡುವ ಬ್ಯಾಂಕಿನವರು ತಿಳಿಸಲು ನೋಡಿದರು. ರಾಯರು ಕೇಳಿಸಿಕೊಳ್ಳಲಿಲ್ಲ.)

ಇಂಥ ಮಹಾನುಭಾವರ ಮನೆಯಲ್ಲಿ, ಅದೂ ನಡುಮನೆಯಲ್ಲಿ, ಕಳೆದ ನಾಲ್ಕು ತಿಂಗಳಿಂದ ಒಬ್ಬ ಕುಡುಕ ಬಿಡಾರ ಹೂಡಿದ್ದ. ಇದನ್ನು ರಾಯರು ಯಾರ ಮುಂದೆ ಹೇಳಿಕೊಳ್ಳಬೇಕು?

ಅವನನ್ನು ಮನೆಗೆ ಕರೆತಂದವನು ರಾಯರ ಮೈದುನ ಹೃಷಿಕೇಶ. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಹೊಸ ಫ್ಲಾಟು ಕೊಂಡವನು ಮನೆ ಬದಲಿಸುವಾಗ ತನ್ನ ಹಳೆಯ ವಿಡಿಯೊ ಗೇಮಿನ ಪೆಟ್ಟಿಗೆಯನ್ನು ರಾಯರ ಮಗಳು ವಿಂಧ್ಯಾಳಿಗೆ ಕೊಟ್ಟುಬಿಟ್ಟಿದ್ದ. ಜೊತೆಗೆ ಒಂದೇ ಒಂದು ಸೀಡಿ, ಕಾದಾಟದ ಆಟದ್ದು. ಅದರಲ್ಲಿ ಇಪ್ಪತ್ತು ಜನ ಜಟ್ಟಿಗಳು. ಒಬ್ಬನಿಗೆ ಕತ್ತಿ, ಒಬ್ಬಳಿಗೆ ಬೀಸಣಿಗೆ, ಒಬ್ಬನಿಗೆ ಎರಡಾಳಿನ ಮೈ. ಇವರ ನಡುವೆ ಜುಟ್ಟು ಬಿಟ್ಟ, ನರೆತ ಗಡ್ಡದ ಒಬ್ಬ ಮುದುಕ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ಅದರಿಂದ ಗಟಗಟ ಕುಡಿದು, ತೂರಾಡುತ್ತ, ಬೀಳುತ್ತ, ಬಿದ್ದಲ್ಲಿಂದಲೇ ಒದೆಯುತ್ತ ಹೊಡೆದಾಡುವ ಗುರು. ಕುಡಿದಷ್ಟೂ ಅವನ ಏಟಿನ ಬಲ ಹೆಚ್ಚುತ್ತಿತ್ತು. ಒಂಬತ್ತನೇ ಇಯತ್ತೆಯ ವಿಂಧ್ಯಾ ಇಪ್ಪತ್ತು ಜನರಲ್ಲಿ ಆರಿಸಿಕೊಂಡದ್ದು ಇವನನ್ನೇ. ಈ ಆಟದ ಮೊದಲ ಭಾಗದಲ್ಲೂ ಅವನಿದ್ದನಂತೆ, ಎರಡನೆಯದರಲ್ಲೂ ಇದ್ದನಂತೆ, ಇದು ಮೂರನೆಯದು.

"ಮೂರು ಭಾಗ ಮುಗದ್ರೂ ಕುಡಿಯೂದು ಬಿಟ್ಟಿಲ್ಲಲ್ಲ ಮಾರಾಯಾ!" ಎಂದು ರಾಯರು ಹಣೆ ಚಚ್ಚಿಕೊಂಡರು.

ಹೆಂಡತಿ ಸುಲೋಚನಾ ಮೊದಲ ವಾರ ಆ ಮುದುಕ ಕಾಣಿಸಿಕೊಂಡಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಎರಡನೆಯ ವಾರ, "ಅಲ್ಲಾ, ವಯಸ್ಸಾದಾವರನ್ನ ಹಂಗ ಒದೀತಾರೇನ? ಏನ ಮಂದೀನೋ!" ಎಂದು ಕನಿಕರಪಟ್ಟಳು. ಮೂರನೆಯ ವಾರಕ್ಕೆ ಅವನಿಗೆ ಬುರುಡಿ ಮಾಮಾ ಎಂದು ನಾಮಕರಣ ಮಾಡಿ, ರೊಟ್ಟಿ ಬಡಿಯುತ್ತಲೇ ಒಳಗಿನಿಂದ "ಬುರುಡಿ ಮಾಮಾ ಗೆದ್ದನೇನ?" ಎಂದು ವಿಚಾರಿಸತೊಡಗಿದಳು. ರಾಯರಿಗೆ ಸಂಜೆಯ ವಾರ್ತೆ ತಪ್ಪಿತು. ವಿಂಧ್ಯಾಳಿಗೆ ಗಣಿತದಲ್ಲಿ ನೂರಕ್ಕೆ ನಲವತ್ತೊಂದು ಬಂತು. ರಾಯರು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಲು ಸ್ಟೂಲು ತಂದರು.

"ಅಪ್ಪಾ, ದಿಸ್ ಈಸ್ ನಾಟ್ ಫೇರ್," ಎಂದಳು ವಿಂಧ್ಯಾ. ಅವಳ ಕನ್ನಡ ಸಿಟ್ಟು ಬಂದಾಗ ಮೂರು ಭಾಷೆಯ ಚಿತ್ರಾನ್ನವಾಗುತ್ತದೆ. "ನೀವು ಖಾಲಿ ಆರ್ಡರ್ ಕೊಡ್ತೀರಿ. ಹಿಮ್ಮತ್ ಇದ್ರ ನನ್ನ ಜೋಡಿ ಆಡಿ ಗೆಲ್ರಿ. ನೀವು ಗೆದ್ರ ಪರೀಕ್ಷಾ ತನಕ ನಾನು ಮುಟ್ಟಂಗಿಲ್ಲ. ಪ್ರಾಮಿಸ್."

"ಸೋತ್ರ?"

"ಸೋತ್ರ ಈ ಸಲ ನವರಾತ್ರಿ ಒಂಬತ್ತೂ ದಿವಸ ಗರಬಾ. ಮುಗಿಯೂ ತನಕ. ಹತ್ತು ಗಂಟೆ ರೂಲು ಕ್ಯಾನ್ಸಲ್."

ಈ ಹತ್ತು ಗಂಟೆಯ ಕಾನೂನು ರಾಯರ ಸ್ವಂತ ಶಾಸನ. ನಾಲ್ಕು ವರ್ಷದಿಂದ ನವರಾತ್ರಿಯಲ್ಲಿ ತಾಯಿ ಮಗಳು ರಾತ್ರಿ ಹತ್ತಕ್ಕೆ ಸರಿಯಾಗಿ ಮನೆಯಲ್ಲಿರಬೇಕು. ವಡೋದರಾದಲ್ಲಿ ಗರಬಾ ಕುಣಿತಕ್ಕೆ ರಂಗೇರುವುದೇ ಹತ್ತರ ಮೇಲೆ. ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿ, ಅಲ್ಲಿಗೇ ಎಬ್ಬಿಸಿ ಕಳಿಸಿದ ಹಾಗೆ. ಈ ಕಾನೂನಿನ ಮೇಲೆ ಕೈ ಹಾಕಿದರೆ ಮನೆಯಲ್ಲಿ ತಮ್ಮ ಮಾತಿಗೆ ಉಳಿಯುವುದೇನು ಎಂದು ರಾಯರು ಒಂದು ಗಳಿಗೆ ಹಿಂದೆಮುಂದೆ ನೋಡಿದರು. ಆದರೆ ಮಗಳ ಮುಖದಲ್ಲಿದ್ದ ನಗೆ ಅವರನ್ನು ಕೆಣಕಿತು. "ಆತು. ಹದಿನೈದು ದಿವಸ ಬಿಟ್ಟು ಭಾನುವಾರ. ನಿಮ್ಮವ್ವನ ಅಂಪೈರು," ಎಂದು ಸ್ಟೂಲಿನ ಮೇಲಿಂದಲೇ ಘೋಷಿಸಿದರು.

ಅಂದಿನಿಂದ ರಾಯರ ಗುಪ್ತ ತಪಸ್ಸು ಶುರುವಾಯಿತು. ಬ್ಯಾಂಕು ಮನೆಯಿಂದ ಎರಡೇ ಹೆಜ್ಜೆ. ಮಧ್ಯಾಹ್ನ ಊಟಕ್ಕೆ ಬಂದವರು ಎಡಗೈಯಲ್ಲಿ ಆಟದ ರಿಮೋಟು ಹಿಡಿದು, ಬಲಗೈಯಲ್ಲಿ ಭಕ್ಕರಿ ಝುಣಕ ಮುಗಿಸಿ, ಉಳಿದ ಇಪ್ಪತ್ತೈದು ನಿಮಿಷ ಯುದ್ಧಾಭ್ಯಾಸ ಮಾಡುತ್ತಿದ್ದರು. ವಿಂಧ್ಯಾ ಆಗ ಶಾಲೆಯಲ್ಲಿ. ಮೊದಲು ಕತ್ತಿಯವನನ್ನು ಆರಿಸಿಕೊಂಡರು. ಅವನು ಕತ್ತಿ ಹಿರಿಯುವಷ್ಟರಲ್ಲಿ ಎದುರಾಳಿ ಅವನನ್ನು ಮೂರು ಸಲ ಮಲಗಿಸಿದ. ಬೀಸಣಿಗೆಯವಳನ್ನು ಆರಿಸಿದರು. ಸುಲೋಚನಾ, "ಹೆಣ್ಣುಮಗಳನ್ನ ಮುಂದ ಮಾಡಿ ಹಿಂದ ಕೂತೀರಲ್ಲ, ನಾಚಿಕಿ ಆಗಂಗಿಲ್ಲ?" ಎಂದಳು. ಕೊನೆಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ರಾಯರು ಬುರುಡಿ ಮಾಮಾನ ಮೇಲೆ ಬೆರಳಿಟ್ಟರು.

ಅಲ್ಲೇ ಅವರಿಗೆ ಜ್ಞಾನೋದಯವಾಯಿತು. ಉಳಿದವರೆಲ್ಲ ಸರಿಯಾದ ಗುಂಡಿ ಒತ್ತಿದರೆ ಮಾತ್ರ ಹೊಡೆಯುವವರು. ಬುರುಡಿ ಮಾಮಾನಿಗೆ ತಪ್ಪು ಗುಂಡಿ ಒತ್ತಿದರೂ ಅದು ವಿದ್ಯೆಯೇ! ಬಿದ್ದರೆ ಅದೊಂದು ಪಟ್ಟು, ಮಲಗಿದರೆ ಇನ್ನೊಂದು ಪಟ್ಟು, ಗೋಡೆಗೆ ತಲೆ ಕೊಟ್ಟು ನಿಂತರೆ ಅದೂ ಒಂದು ಪಟ್ಟು. ರಾಯರಂಥ ದಪ್ಪ ಬೆರಳಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಅವರು ಕಲಿತ ನಿಜವಾದ ಗುಂಡಿ ಒಂದೇ, ಕುಡಿಯುವ ಗುಂಡಿ. ಗಟಗಟ ಕುಡಿಸುವುದು, ಕಣ್ಣು ಮುಚ್ಚಿ ಉಳಿದ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತುವುದು. ಹತ್ತರಲ್ಲಿ ಏಳು ಸಲ ಗೆಲುವು.

"ಇನ್ನೊಂದು ಗುಟುಕು ಕುಡಸ್ರಿ, ಎದುರಿನಾಂವ ಬಿದ್ದು ಹೋಗ್ತಾನ!" ಎಂದು ಸುಲೋಚನಾ ಮಜ್ಜಿಗೆ ಹಿಡಿದುಕೊಂಡು ಹಿಂದಿನಿಂದ ಕೂಗುತ್ತಿದ್ದಳು. ಚಹಾ ಬಿಟ್ಟರೆ ಬೇರೆ ಚಟವೇ ಕಾಣದ ರಾಯರು ದಿನಕ್ಕೆ ನಲವತ್ತು ಗುಟುಕು ಕುಡಿಸಿ, ಬಾಯಿ ಮುಕ್ಕಳಿಸಿ, ಮತ್ತೆ ಬ್ಯಾಂಕಿಗೆ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ, ನಾಲ್ಕು ವರ್ಷದಲ್ಲಿ ಅವರು ಇಷ್ಟು ಖುಷಿಯಾಗಿ ಊಟಕ್ಕೆ ಬಂದದ್ದೇ ಇಲ್ಲ.

ಗೊತ್ತುಮಾಡಿದ ಭಾನುವಾರ ಬಂತು. ನವರಾತ್ರಿಗೆ ಇನ್ನು ಐದೇ ದಿನ. ಅಂದು ಏಕಾದಶಿ. ರಾಯರದು ಮುಂಜಿಯಾದಾಗಿನಿಂದ ಮೂವತ್ತೇಳು ವರ್ಷದ ಮುರಿಯದ ಏಕಾದಶಿ, ಅದೂ ನೀರಿಲ್ಲದ್ದು. ರೈಲಿನಲ್ಲಿ ಬಂದರೂ ಅಷ್ಟೇ, ಆಡಿಟಿನ ದಿನ ಬಂದರೂ ಅಷ್ಟೇ. ಇದು ಬ್ಯಾಂಕಿನ ಜವಾನನಿಂದ ಹಿಡಿದು ಧಾರವಾಡದ ಮಠದ ಆಚಾರ್ಯರವರೆಗೆ ಎಲ್ಲರಿಗೂ ಗೊತ್ತು. (ಗೊತ್ತಿಲ್ಲದವರಿಗೆ ರಾಯರೇ ಹೇಳುತ್ತಾರೆ.) ಹಣೆಗೆ ಅಂಗಾರ ಎಳೆದುಕೊಂಡು ಅವರು ಟೀವಿಯ ಮುಂದೆ ಪದ್ಮಾಸನ ಹಾಕಿದರು. ಎರಡು ರಿಮೋಟುಗಳ ನಡುವೆ ಸುಲೋಚನಾ ಮಣೆ ಹಾಕಿಕೊಂಡು ಕೂತಳು.

ವಿಂಧ್ಯಾ ಎಂದಿನಂತೆ ಬುರುಡಿ ಮಾಮಾನನ್ನೇ ಆರಿಸಿದಳು. ರಾಯರೂ ಅವನನ್ನೇ ಆರಿಸಿದರು. ಟೀವಿಯಲ್ಲಿ ಕೆಂಪು ಅಂಗಿಯ ಮಾಮಾ, ನೀಲಿ ಅಂಗಿಯ ಮಾಮಾ ಇಬ್ಬರೂ ಎದುರುಬದುರಾಗಿ ತೂರಾಡುತ್ತ ನಿಂತರು.

"ಅಪ್ಪಾ! ನೀವೂ?" ಎಂದು ವಿಂಧ್ಯಾ ಬಾಯಿ ಬಿಟ್ಟಳು. ಮರುಕ್ಷಣವೇ ಅವಳ ಬೆರಳು ಗುಂಡಿಗಳ ಮೇಲೆ ಓಡಾಡಿದ ವೇಗ ನೋಡಿ ರಾಯರ ಎದೆ ಧಸಕ್ಕೆಂದಿತು. ಈ ಹುಡುಗಿ ಒಂದು ಉಸಿರಿನಲ್ಲಿ ಐದು ಗುಟುಕು ಕುಡಿಸುತ್ತಾಳೆ, ಆಮೇಲೆ ತಮ್ಮನ್ನು ಯಾರು ಕಾಯುತ್ತಾರೆ? ಆಗ ಅವರ ಹಸಿದ ತಲೆಯಲ್ಲಿ ಒಂದು ದಿವ್ಯವಾದ ಉಪಾಯ ಹೊಳೆಯಿತು.

"ತಡಿ," ಎಂದು ಕೈಯೆತ್ತಿದರು. "ಇವತ್ತ ಏಕಾದಶಿ. ನಮ್ಮ ಮನ್ಯಾಗ ಏಕಾದಶಿ ದಿವಸ ಯಾರೂ ಕುಡಿಯಂಗಿಲ್ಲ. ಬುರುಡಿ ಮಾಮಾನೂ ಅಷ್ಟ. ಕುಡದಾವರು ಸೋತಂಗ."

ಸುಲೋಚನಾ ಗಂಡನ ಮುಖವನ್ನೊಮ್ಮೆ ದೀರ್ಘವಾಗಿ ನೋಡಿದಳು. "ವಿಚಾರ ಮಾಡಿ ಹೇಳ್ಲಿಕತ್ತೀರೇನ್ರೀ?"

"ಧರ್ಮದಾಗ ವಿಚಾರ ಏನು ಮಾಡೂದದ?"

"ಓಕೆ. ದೋನೋಂ ಕಾ ಉಪವಾಸ, ಇಬ್ಬರದೂ," ಎಂದಳು ವಿಂಧ್ಯಾ, ಬಹಳ ಸುಲಭವಾಗಿ.

ಮೂರು ಸುತ್ತಿನ ಆಟ. ಮೊದಲ ಸುತ್ತು ಶುರುವಾದ ಮೇಲೆಯೇ ರಾಯರಿಗೆ ತಮ್ಮ ಉಪಾಯದ ಒಳಮರ್ಮ ಗೊತ್ತಾದದ್ದು. ಮಗಳಿಗೆ ಮಾಮಾನ ನೂರು ಪಟ್ಟು ಗೊತ್ತು, ಕುಡಿತ ಅದರಲ್ಲಿ ಒಂದು. ತಮಗೆ ಗೊತ್ತಿರುವುದೇ ಕುಡಿತ! ಅವಳ ಕೆಂಪು ಮಾಮಾ ಉರುಳಿ ಬಂದು ಹೊಡೆದ, ಮಲಗಿ ಹೊಡೆದ, ಬೆನ್ನು ತಿರುಗಿಸಿ ಹೊಡೆದ. ರಾಯರ ನೀಲಿ ಮಾಮಾ ಬರೀ ಉಪವಾಸದ ಸುಸ್ತಿನಲ್ಲಿದ್ದವನಂತೆ ತೂಗಾಡಿ ನೆಲ ಹಿಡಿದ.

ಎರಡನೆಯ ಸುತ್ತಿನಲ್ಲಿ ದೇವರು ಕಣ್ಣು ಬಿಟ್ಟ. ರಾಯರ ಮಾಮಾ ಏನನ್ನೋ ಮಾಡಲು ಹೋಗಿ ಅಂಗಾತ ಬಿದ್ದ. ಓಡಿ ಬಂದ ಕೆಂಪು ಮಾಮಾ ಅವನ ಕಾಲಿಗೆ ಎಡವಿ ಕಟ್ಟೆಯಿಂದ ಆಚೆ ಹೋದ. ಕಟ್ಟೆ ಬಿಟ್ಟು ಬಿದ್ದವರು ಸೋತಂತೆ ಎಂಬುದು ಆಟದ ನಿಯಮ. "ಇದು ಪಟ್ಟು! ಇದನ್ನ ನಾ ಬೇಕಂತ ಮಾಡಿದ್ದು!" ಎಂದು ರಾಯರು ಕೂತಲ್ಲೇ ಕುಣಿದರು.

ಮೂರನೆಯ ಸುತ್ತು. ಟೀವಿಯ ಮೇಲ್ತುದಿಯಲ್ಲಿ ತೋರುವ ರಾಯರ ಮಾಮಾನ ಜೀವದ ಪಟ್ಟಿ ಸವೆಯುತ್ತ ಸವೆಯುತ್ತ ಉಗುರಿನಷ್ಟು ಉಳಿಯಿತು. ಹಣೆಯ ಅಂಗಾರ ಬೆವರಿಗೆ ಇಳಿದು ಮೂಗಿನವರೆಗೆ ಬಂತು. ವಿಂಧ್ಯಾಳ ಮಾಮಾ ಕೊನೆಯ ಒದೆತಕ್ಕೆ ಕಾಲೆತ್ತಿದ. ಆ ಹೊತ್ತಿನಲ್ಲಿ, ರಾಯರ ಅಪ್ಪಣೆಯನ್ನೇನೂ ಕೇಳದೆ, ಹದಿನೈದು ದಿನದ ಮಧ್ಯಾಹ್ನಗಳಲ್ಲಿ ಪಳಗಿದ ಅವರ ಹೆಬ್ಬೆರಳು ತನ್ನ ಕೆಲಸ ತಾನು ಮಾಡಿಬಿಟ್ಟಿತು. ನೀಲಿ ಮಾಮಾ ಬುರುಡೆ ಎತ್ತಿದ. ಗಟಗಟ ಕುಡಿದ. ಆಮೇಲೆ ತಲೆ ಬಗ್ಗಿಸಿ ಕೊಟ್ಟ ಡಿಕ್ಕಿಗೆ ಕೆಂಪು ಮಾಮಾ ಟೀವಿಯ ಆ ತುದಿಗೆ ಹಾರಿ ಬಿದ್ದ.

"ಗೆದ್ದೆ!" ರಾಯರು ಎದ್ದು ನಿಂತು ಪಂಚೆ ಎತ್ತಿ ಕಟ್ಟಿದರು. "ಸ್ಟೂಲ ತೊಗೊಂಡ ಬಾ! ಪೆಟ್ಟಿಗಿ ಅಟ್ಟಕ್ಕ!"

"ಕುಡದ್ರಿ," ಎಂದಳು ಅಂಪೈರು.

"ಏನು?"

"ಗಟಗಟ ಕುಡದ್ರಿ. ಏಕಾದಶಿ ದಿವಸ. ನಾ ಕಣ್ಣಾರೆ ನೋಡೀನಿ."

"ಮುಂಜಾನಿಂದ ಹನಿ ನೀರು ಮುಟ್ಟಿಲ್ಲ ನಾನು! ಕುಡದಾಂವ ಅಂವಾ!"

"ಹಂಗಿದ್ರ ಗೆದ್ದಾಂವನೂ ಅಂವನ. ನೀವೇನು ಗೆದ್ರಿ?"

"ಅಲ್ಲಾ... ಗುಂಡಿ ಒತ್ತಿದಾಂವ ನಾನಲ್ಲೇನ? ಗೆದ್ದಾಂವ ನಾನು!"

"ಹಂಗಂದ್ರ ಕುಡದಾವರೂ ನೀವ," ಎಂದು ಸುಲೋಚನಾ ಮಣೆಯಿಂದ ಎದ್ದಳು. "ಏಕಾದಶಿ ಮುರೀತು. ಪಾಪ, ಇನ್ನ ಯಾಕ ಹಸಕೊಂಡಿರ್ತೀರಿ? ಹುಡಿಗಿಗೆ ಅಂತ ಅವಲಕ್ಕಿ ಒಗ್ಗರಣಿ ಹಾಕೀನಿ, ಬರ್ರಿ, ಎರಡು ತುತ್ತು ತಿನ್ರಿ."

ಒಳಗಿನಿಂದ ಇಂಗು, ಕರಿಬೇವು, ಹುರಿದ ಶೇಂಗಾದ ಘಮ ಬಂತು. ರಾಯರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು. ಗೆಲುವು ಬೇಕೆಂದರೆ ಕುಡಿದವರು ತಾವು, ಮೂವತ್ತೇಳು ವರ್ಷದ ವ್ರತ ಹೋಯಿತು. ವ್ರತ ಬೇಕೆಂದರೆ ಗೆದ್ದವನು ಮಾಮಾ, ಹತ್ತು ಗಂಟೆಯ ಕಾನೂನು ಹೋಯಿತು. ದಿನವಿಡೀ ಸಾಲದ ಅರ್ಜಿಗಳಲ್ಲಿ ತಪ್ಪು ಹುಡುಕುವ ತಲೆಗೆ ಈ ವಾದದಲ್ಲಿ ಒಂದೂ ತಪ್ಪು ಸಿಗಲಿಲ್ಲ. ಮಠದ ಆಚಾರ್ಯರ ಮುಖ ಕಣ್ಣೆದುರು ಬಂತು. ರಾಯರು ಕಟ್ಟಿದ ಪಂಚೆ ಇಳಿಬಿಟ್ಟು ಮೆಲ್ಲನೆ ಕೂತರು.

"ಸೋತೆ," ಎಂದರು. "ನಾ ಏನೂ ಕುಡದಿಲ್ಲ. ಸೋತೆ."

ವಿಂಧ್ಯಾ ಕಿರುಚಿಕೊಂಡು ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಸೋಲು ಇಷ್ಟು ಹಿತವಾಗಿರುತ್ತದೆಂದು ರಾಯರಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಮಾತ್ರ, "ಸಾಕು ಸಾಕು, ಗಣಿತ ಮರೀಬ್ಯಾಡ," ಎಂದು ಗುರುಗುಟ್ಟಿದರು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಮೀರಾಬೆನ್ ಬಗಲಲ್ಲಿ ದೊಡ್ಡ ಗಂಟು ಇಟ್ಟುಕೊಂಡು ನಿಂತಿದ್ದಳು. "ಸುಲೋಚನಾಬೆನ್, ಬನ್ನೆ ತೈಯಾರ್ ಛೆ!" ಎಂದು, ಎರಡೂ ತಯಾರಾಗಿವೆಯೆಂದು ಸಾರಿ, ಗಂಟನ್ನು ರಾಯರ ಕೈಗೇ ಕೊಟ್ಟು ಇಳಿದುಹೋದಳು.

ರಾಯರು ಬಿಚ್ಚಿದರು. ಕನ್ನಡಿ ಹಚ್ಚಿದ ಗರಬಾದ ಲಂಗ ಕುಪ್ಪಸ, ಎರಡು ಜೊತೆ. ಹಸಿರಿನದು ವಿಂಧ್ಯಾಳ ಅಳತೆಯದು. ಮೆರೂನು ಬಣ್ಣದ್ದನ್ನು ಅವರು ತೋಳು ಚಾಚಿ ಹಿಡಿದು ನೋಡಿದರು.

"ಇದೇನ ಅಳತಿನೋ! ಇದರಾಗ ಇಬ್ಬರು ವಿಂಧ್ಯಾ ಹಿಡೀತಾರ. ವಾಪಸ್ ಕೊಟ್ಟುಬಿಡು."

ವಿಂಧ್ಯಾ ಫ್ಯಾನಿನ ಕಡೆ ನೋಡುತ್ತಿದ್ದಳು. ಸುಲೋಚನಾ ಬಂದು ಆ ಲಂಗವನ್ನು ಗಂಡನ ಕೈಯಿಂದ ತೆಗೆದುಕೊಂಡು, ತನ್ನ ಸೊಂಟಕ್ಕೆ ಹಿಡಿದು, ಅತ್ತಿತ್ತ ಒಮ್ಮೆ ತಿರುಗಿ ನೋಡಿಕೊಂಡಳು.

"ನಾಕು ವರ್ಷ ಆತು," ಎಂದಳು. "ಮೈದಾನದ ಅಂಚಿನಾಗ ಚಪ್ಪಲಿ ಕಾಯ್ಕೋತ ನಿಲ್ಲೂದು, ಹತ್ತಾತು ಅಂತ ಓಡಿ ಬರೂದು. ನನಗೂ ಕುಣೀಬೇಕು ಅನಸ್ತದರೀ."

ರಾಯರಿಗೆ ಆಗ ಎಲ್ಲ ಹೊಳೆಯಿತು. ಮಧ್ಯಾಹ್ನದ ಮಜ್ಜಿಗೆ, "ಇನ್ನೊಂದು ಗುಟುಕು ಕುಡಸ್ರಿ" ಎಂಬ ಪ್ರೋತ್ಸಾಹ, ಬೇರೆ ಯಾವ ಪಟ್ಟನ್ನೂ ಕಲಿಯಗೊಡದ ಆ ತರಬೇತಿ!

"ಅಲ್ಲಲೇ, ನೀ ಅಂಪೈರು ಇದ್ದೆಲ್ಲ!"

"ಇದ್ದೆ. ಒಂದಾದ್ರೂ ಸುಳ್ಳು ಹೇಳೀನೇನು?"

ರಾಯರು ಯೋಚಿಸಿದರು. ಹೇಳಿರಲಿಲ್ಲ. ಹೆಂಡತಿಯ ಮುಖ ಕನ್ನಡಿಯ ಚೂರುಗಳಲ್ಲಿ ಹತ್ತು ಕಡೆ ನಗುತ್ತಿತ್ತು, ನೋಡಲು ಚೆನ್ನಾಗಿಯೂ ಇತ್ತು. ಅದನ್ನು ಒಪ್ಪಿಕೊಳ್ಳುವುದು ಮಾತ್ರ ಇವತ್ತು ಸಾಧ್ಯವಿರಲಿಲ್ಲ.

"ನೀವಿಬ್ಬರೂ ಹ್ವಾದ್ರ ಒಂಬತ್ತು ದಿವಸ ನಾ ಒಬ್ಬನ ಮನ್ಯಾಗ ಕೂತು ಏನು ಮಾಡ್ಲಿ?" ಎಂದು ಗೊಣಗಿದರು.

ವಿಂಧ್ಯಾ ನೆಲದ ಮೇಲಿದ್ದ ರಿಮೋಟನ್ನು ಎತ್ತಿ ಅಪ್ಪನ ಕೈಯಲ್ಲಿಟ್ಟಳು.

"ಪ್ರಾಕ್ಟೀಸ್ ಮಾಡ್ರಿ ಅಪ್ಪಾ. ನಾಳೆ ದ್ವಾದಶಿ. ಎಷ್ಟ ಬೇಕಾದ್ರೂ ಕುಡೀರಿ."