ಒಬ್ಬರಿಗೆ ಒಲೆ ಇಲ್ಲ

"ಎಷ್ಟು ಜನ, ಮ್ಯಾಮ್?"

ರುಫಿನಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಇರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಒಬ್ಬಳೇ."

"ಅಯ್ಯೋ, ಸಾರಿ ಮ್ಯಾಮ್. ಒಂದು ಒಲೆಗೆ ಕಡಿಮೆ ಅಂದ್ರೂ ಇಬ್ರು ಬೇಕು. ಒಬ್ಬರಿಗೆ ಒಲೆ ಹಚ್ಚಲ್ಲ" ಎಂದು ಬಾಗಿಲ ಹುಡುಗಿ ಇಸ್ತ್ರಿ ಮಾಡಿಟ್ಟಂಥ ನಗು ನಕ್ಕಳು.

ಇಲೊಯ್ಲೊ ನಗರದ ಲಾ ಪಾಸ್ ಮಾರುಕಟ್ಟೆಯೆದುರು ಆ ಕೊರಿಯನ್ ಹೋಟೆಲು ತೆರೆದಾಗಿನಿಂದ ರುಫಿನಾಳ ಮೂಗಿಗೆ ನೆಮ್ಮದಿಯಿರಲಿಲ್ಲ. ಅಲ್ಲಿ ಮೇಜಿನ ನಡುವೆಯೇ ಒಲೆ. ಹಂದಿಮಾಂಸದ ತೆಳು ಹೋಳುಗಳನ್ನು ಜನ ತಾವೇ ಸುಟ್ಟು, ಹಸಿರೆಲೆಯಲ್ಲಿ ಸುತ್ತಿ, ಒಬ್ಬರ ಬಾಯಿಗೊಬ್ಬರು ಇಡುತ್ತಿದ್ದರು. ಗಾಜಿನಾಚೆಯಿಂದ ಅವಳು ದಿನವೂ ನೋಡುತ್ತಿದ್ದಳು. ಅವಳಿಗೆ ಆಸೆಯಿದ್ದದ್ದು ಮಾಂಸದ ಮೇಲಷ್ಟೇ ಅಲ್ಲ. ಒಂದು ಸಲವಾದರೂ ಎದುರಿನ ಕುರ್ಚಿಯಲ್ಲಿ ಒಂದು ಮುಖ ಇರಬೇಕಿತ್ತು. ಎಷ್ಟೋ ಕಾಲದಿಂದ ಅವಳ ಎದುರು ಕೂತಿದ್ದದ್ದು ಬಾಚೊಯ್ ಅಂಗಡಿಯ ಗೋಡೆ. ಬಟ್ಟಲಿನ ಬಿಸಿ ಶಾವಿಗೆ ಸಾರಿನ ಹಬೆಗೆ ಆ ಗೋಡೆಗೂ ಬೆವರು ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಮಧ್ಯಾಹ್ನದ ಬಿಡುವು ಮುಗಿಸಿ ಅವಳು ಸಮವಸ್ತ್ರ ಹೊಲಿಯುವ ಅಂಗಡಿಗೆ ಮರಳಿದಳು. ಇಸ್ತ್ರಿ ಮಾಡುವ ಗ್ಲೋರಿಬೆಲ್ ಮೂಲೆಯಲ್ಲಿದ್ದಳು. ಹಳ್ಳಿಯಿಂದ ಬಂದು ಸ್ವಲ್ಪ ದಿನವಾಗಿತ್ತು. ಬಂದಾಗಿನಿಂದ ಇಸ್ತ್ರಿಪೆಟ್ಟಿಗೆಯ ಬುಸುಗುಟ್ಟುವ ಸದ್ದೇ ಅವಳ ಮಾತು. ಇಬ್ಬರು ಮೂಗಿಯರಿಗೆ ಒಂದು ಒಲೆ ಸಾಕು ಎಂದುಕೊಂಡು, ಒಂದು ಕಾಲರನ್ನು ಮೂರು ಸಲ ತಪ್ಪಾಗಿ ಹೊಲಿದ ಮೇಲೆ ರುಫಿನಾ ಎದ್ದು ಹೋದಳು.

"ಸಂಜೆ ಕೊರಿಯನ್ ಹೋಟ್ಲಿಗೆ ಬರ್ತೀಯಾ? ಅವರವರ ದುಡ್ಡು ಅವರವರದ್ದು. ಇಬ್ರು ಬೇಕಂತೆ."

ಗ್ಲೋರಿಬೆಲ್ ತಲೆಯೆತ್ತಿದಳು. "ಅಲ್ಲಿ ಮಾಂಸಾನ ಕತ್ತರೀಲಿ ಕತ್ತರಿಸ್ತಾರಂತೆ, ನಿಜಾನಾ?"

"ನಿಜ."

"ಹಾಗಾದ್ರೆ ಬರ್ತೀನಿ. ಕತ್ತರಿ ನಮ್ಗೆ ಹೊಸದಲ್ಲ."

ಅಷ್ಟಕ್ಕೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಆ ಊರಲ್ಲಿ ಊಟದ ಮಾತು ಯಾರ ಕಿವಿಗೆ ಬಿದ್ದರೂ ಅವರನ್ನು ಕರೆಯಲೇಬೇಕು. ಡಬ್ಬಿ ಬಿಚ್ಚಿದವರು "ಬನ್ನಿ, ಉಣ್ಣೋಣ" ಎನ್ನಬೇಕು. ಕೇಳಿದವರು ಹಸಿದು ಸಾಯುತ್ತಿದ್ದರೂ "ನಮ್ದಾಯ್ತು" ಎನ್ನಬೇಕು. ಬಟ್ಟೆಯ ರಾಶಿಯ ಹಿಂದಿನಿಂದ ಎಲ್ಲರೂ 'ಮನಾಂಗ್', ಅಂದರೆ ಅಕ್ಕ, ಎನ್ನುವ ಅಂಗಡಿಯೊಡತಿ ಕಾರಿಂಗಳ ತಲೆ, ಬಾವಿಯಿಂದ ಬಿಂದಿಗೆ ಬಂದಂತೆ, ಮೆಲ್ಲಗೆ ಮೇಲೆ ಬಂತು.

"ನೀವೂ ಬನ್ನಿ, ಮನಾಂಗ್" ಎಂದಿತು ರುಫಿನಾಳ ಅಭ್ಯಾಸದ ನಾಲಿಗೆ. 'ನಮ್ದಾಯ್ತು' ಎಂಬುದಕ್ಕೆ ಅವಳ ಕಿವಿ ಕಾದಿತ್ತು.

"ಎಷ್ಟ್ ಹೊತ್ತಿಗೆ?" ಎಂದಳು ಮನಾಂಗ್ ಕಾರಿಂಗ್.

ರುಫಿನಾ ಕಣ್ಣು ಪಿಳಿಪಿಳಿ ಬಿಟ್ಟಳು.

"ಏನೇ ಇಂದಾಯ್, ಹುಡ್ಗೀ, ಕರ್ದು ಸುಮ್ನಾದ್ರೆ ಹೆಂಗೆ? ಮಗಳು, ಅಳಿಯ ನನ್ನ ಕರ್ಕೊಂಡು ಹೋಗಕ್ಕೆ ಬರ್ತಾರೆ. ಅವರನ್ನ ಬೀದೀಲಿ ನಿಲ್ಸಕ್ಕಾಗುತ್ತಾ?"

"ನಾನೇನು ಈ ಬಟ್ಟೆ ತಿನ್ಲಾ?" ಎಂದು ಬಟ್ಟೆ ಕತ್ತರಿಸುವ ಮೇಜಿನಿಂದ, ಎಲ್ಲರಿಗೂ 'ಮನೋಂಗ್', ಅಂದರೆ ಅಣ್ಣ, ಆದ ಪುಲೋಂಗ್ ಕೂಗಿದ.

"ಬನ್ನಿ, ಮನೋಂಗ್" ಎಂದಳು ರುಫಿನಾ ಸಣ್ಣ ದನಿಯಲ್ಲಿ.

ಪಕ್ಕದ ಜೆರಾಕ್ಸ್ ಅಂಗಡಿಗೂ ಇವರಿಗೂ ನಡುವೆ ಇದ್ದದ್ದು ತೆಳು ಹಲಗೆ. ಅದರಾಚೆಯಿಂದ ಗಂಡಹೆಂಡತಿ ಒಟ್ಟಿಗೇ ಕೆಮ್ಮಿದರು. ಅವರನ್ನೂ ಕರೆಯಬೇಕಾಯಿತು. ಸಂಜೆ ಮಗಳು, ಅಳಿಯನೂ ಬಂದು ಎಲ್ಲರೂ ಮೆರವಣಿಗೆಯಂತೆ ಹೊರಟಾಗ, ಅಂಗಡಿಸಾಲಿನ ಬಾಗಿಲ ಕಾವಲುಗಾರ "ಎಲ್ಲಿಗೆ ಸವಾರಿ?" ಎಂದ. ಅವನೂ ಸೇರಿದ. ಆ ದಿನ ಇಡೀ ಬೀದಿಗೆ 'ನಮ್ದಾಯ್ತು' ಎಂಬ ಮಾತೇ ಮರೆತುಹೋಗಿತ್ತು.

ಹೋಗಲಿ, ಗ್ಲೋರಿಬೆಲ್ ಪಕ್ಕ ಕೂತರಾಯಿತು ಎಂದು ರುಫಿನಾ ಸಮಾಧಾನ ಮಾಡಿಕೊಂಡಳು. ಹೋಟೆಲಿನ ಗಾಜಿನ ಬಾಗಿಲು ತಾನೇ ಮುಚ್ಚಿಕೊಳ್ಳುವಂಥದ್ದು. ಹಿರಿಯರಿಗೆ ತಗುಲದಿರಲೆಂದು ಅವಳು ಅದನ್ನು ಹಿಡಿದು ನಿಂತಳು. ಒಬ್ಬೊಬ್ಬರೇ ಅವಳ ತೋಳಿನಡಿ ನುಗ್ಗಿದರು. ಒಳಗೆ ಕುರ್ಚಿಗಳು ಕಿರುಗುಟ್ಟಿದವು. ನಾಲ್ವರು ಒಂದು ಒಲೆಗೆ, ನಾಲ್ವರು ಇನ್ನೊಂದಕ್ಕೆ. ಕೊನೆಗೆ ರುಫಿನಾ ಒಳಗೆ ಕಾಲಿಟ್ಟಳು.

"ಎಷ್ಟು ಜನ, ಮ್ಯಾಮ್?"

"ನಾನು... ಅವರ ಜೊತೆ."

"ಒಂದು ಒಲೆಗೆ ನಾಲ್ವರೇ ಮ್ಯಾಮ್. ಐದನೇವ್ರನ್ನ ಕೂರ್ಸಿದ್ರೆ ನಮ್ ಮ್ಯಾನೇಜರ್ ನನ್ನೇ ಸುಡ್ತಾರೆ. ನಿಮ್ಮೋರಲ್ಲಿ ಒಬ್ಬರನ್ನ ಕರೀರಿ, ಆ ಮೂಲೆ ಒಲೆ ಹಚ್ಚಿಕೊಡ್ತೀನಿ."

ಒಬ್ಬರನ್ನು ಕರೆದರೆ ಸಾಕಿತ್ತು. ರುಫಿನಾ ನೋಡಿದಳು. ಎರಡು ಮೇಜುಗಳೂ ಒಂದಕ್ಕೊಂದು ಬೆನ್ನು ಹಾಕಿದ್ದವು. ಗ್ಲೋರಿಬೆಲ್ ಕತ್ತರಿ ಹಿಡಿದು ಮಾಂಸವನ್ನು ತೋಳಿನ ಅಳತೆಗೆ ಕತ್ತರಿಸುತ್ತಿದ್ದಳು; ಮನೋಂಗ್ ಪುಲೋಂಗ್ "ಹೊಲಿಗೆಗೆ ಬಟ್ಟೆ ಬಿಡು ಮಾರಾಯ್ತಿ!" ಎಂದು ಕೂಗುತ್ತಿದ್ದ. ಗ್ಲೋರಿಬೆಲ್ ನಗುತ್ತಿದ್ದಳು. ಬಂದಾಗಿನಿಂದ ಮೊದಲ ಸಲ, ಹಲ್ಲು ಕಾಣುವಂತೆ.

ರುಫಿನಾಳ ಬಾಯಿಗೆ ಬಂದ ಹೆಸರು ಅಲ್ಲೇ ಇಂಗಿತು.

"ಪರ್ವಾಗಿಲ್ಲ, ನಂದಾಯ್ತು" ಎಂದಳು ಬಾಗಿಲ ಹುಡುಗಿಗೆ.

ಎದುರಿನ ಬಾಚೊಯ್ ಅಂಗಡಿಯಲ್ಲಿ ಗೋಡೆ ಅವಳಿಗಾಗಿ ಜಾಗ ಹಿಡಿದಿತ್ತು. ಸಾರು ಕುಡಿದು ಮುಗಿಸಿದಳು. ಹೇಳದೆ ಹೋದರೆ ಎಲ್ಲರೂ ಗಾಬರಿಯಾಗಿ ಹುಡುಕಿಯಾರು ಎಂದು ಮತ್ತೆ ಹೋಟೆಲಿನ ಹೊರಗೆ ಬಂದು ನಿಂತಳು. ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳುವುದು? ತಲೆನೋವು ಎಂದರಾಯಿತು. ನಾಲ್ಕೈದು ಸಲ ಹೇಳಿ ಅಭ್ಯಾಸ ಮಾಡಿಕೊಂಡಳು.

ಅವರು ತೇಗುತ್ತ ಹೊರಬಂದರು.

"ಓಹೋ, ನೀನಾಗಲೇ ಎದ್ದು ಬಂದ್ಯಾ?" ಎಂದಳು ಮನಾಂಗ್ ಕಾರಿಂಗ್. "ನಿಮ್ ಮೇಜಲ್ಲಿ ಏನ್ ಗಲಾಟೆ ಮಾರಾಯ್ತಿ! ನಮ್ಗೆ ಮಾತೇ ಕೇಳಿಸ್ಲಿಲ್ಲ."

ರುಫಿನಾ ತಲೆನೋವನ್ನು ನುಂಗಿಕೊಂಡಳು.

ಗ್ಲೋರಿಬೆಲ್ ಓಡಿಬಂದು ಅವಳ ಕೈ ಹಿಡಿದಳು. "ನೀನು ಮನಾಂಗ್ ಮೇಜಿಗೆ ಯಾಕೆ ಹೋದೆ? ನಮ್ಮ ಜೊತೆ ಕೂತಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಮನಾಂಗ್ ಕಾರಿಂಗ್ ತನ್ನ ಅಂಗಿಯ ಹೆಗಲನ್ನು ಮೂಸಿ ಮುಖ ಕಿವುಚಿದಳು. ಆಮೇಲೆ ಬಗ್ಗಿ ರುಫಿನಾಳ ಕೂದಲು ಮೂಸಿದಳು, ಇನ್ನೊಮ್ಮೆ ಮೂಸಿದಳು.

"ನೋಡ್ರೋ ಇವಳ ಅದೃಷ್ಟ! ನಾವೆಲ್ಲ ಸುಟ್ಟ ಹಂದಿ ಥರ ನಾರ್ತಿದೀವಿ. ಇವಳಿಗೆ ಹೊಗೆ ಕೂಡ ಅಂಟ್ಕೊಂಡಿಲ್ಲ!"