ಕೈ ಕಟ್ಟಿಸಿಕೊಂಡ ಅಳಿಯ

ಭತ್ತ ಅಟ್ಟ ಸೇರಿದ ಮರುವಾರವೇ ಶೊಂಗ್‌ನ ಹೆಂಡತಿ ನ್ಯಾಂಗ್ ಬಟ್ಟೆ ಗಂಟು ಕಟ್ಟಿಕೊಂಡು ಬೆಟ್ಟದಾಚೆಯ ತವರಿಗೆ ಹೊರಟುಹೋದಳು. ಯಾಕೆ ಅಂತ ಕೇಳಿದ್ದಕ್ಕೆ, “ಯೋಚನೆ ಮಾಡು, ಗೊತ್ತಾಗುತ್ತೆ” ಎಂದಿದ್ದಳು. ಪಾಪ, ಶೊಂಗ್ ಯೋಚನೆಯನ್ನು ಎಂದೂ ಒಬ್ಬನೇ ಮಾಡಿದವನಲ್ಲ. ನೆಟ್ಟಗೆ ಪಕ್ಕದ ಮನೆಗೆ ಹೋದ.

ಪಕ್ಕದ ಮನೆಯ ಲೌ ಮಾವ ಬಿದಿರಿನ ಊದುವಾದ್ಯ ಮಾಡುವವರು. ಊರಿನ ಕುಣಿತಕ್ಕೆಲ್ಲ ಅವರ ವಾದ್ಯ, ಊರಿನ ಜಗಳಕ್ಕೆಲ್ಲ ಅವರ ತೀರ್ಪು. ಎದುರುಮನೆಯ ಪೆನ್ ದೊಡ್ಡಮ್ಮನೂ ಅಲ್ಲೇ ಕೆಂಡದಲ್ಲಿ ಗೆಣಸು ಹೂತು ಕೂತಿದ್ದರು.

“ಇದ್ರಲ್ಲಿ ಯೋಚನೆ ಮಾಡೋಕೇನಿದೆ?” ಎಂದರು ದೊಡ್ಡಮ್ಮ. “ಹೋದ ಹಬ್ಬಕ್ಕೆ ಕುಡಿದು ಕೋಣನ ಕೊಟ್ಟಿಗೇಲಿ ಮಲಗಿದ್ಯಲ್ಲ, ಅದಕ್ಕೇ.”

“ಕುಡಿತವೇ ಕಾರಣ,” ಲೌ ಮಾವ ಒಪ್ಪಿದರು. “ಹೊಸ ವರ್ಷದ ದಿನ ಹೋಗಿ ಕರ್ಕೊಂಡು ಬಾ. ಆದ್ರೆ ಬಾಯಲ್ಲಿ ಒಂದ್ ಚೂರು ವಾಸನೆ ಬಂತೋ, ಅವ್ಳು ಈ ಜನ್ಮದಲ್ಲಿ ಬರಲ್ಲ.”

ಶೊಂಗ್‌ಗೆ ಅವಳಿಲ್ಲದ ಮನೆಯಲ್ಲಿ ಎಷ್ಟು ಸೌದೆ ಒಟ್ಟಿದರೂ ಚಳಿ ಬಿಡುತ್ತಿರಲಿಲ್ಲ. ಆದರೆ ಹಬ್ಬದ ದಿನ ನೆಂಟರ ಊರಿಗೆ ಹೋಗುವವನು ಹೆಂಡ ತಪ್ಪಿಸಿಕೊಳ್ಳುವುದು ಹೇಗೆ? ಊರಬಾಗಿಲಿಂದಲೇ ಹೆಂಗಸರು ಹೆಂಡ ತುಂಬಿದ ಕೋಣನ ಕೊಂಬು ಹಿಡಿದು ಅಲ್ಲಲ್ಲಿ ಅಡ್ಡಗಟ್ಟುತ್ತಾರೆ. ತುಟಿಗೆ ತಾಗಿಸಿಕೊಂಡು ದಾಟಿದರೆ ಸಾಕು. ಕೊಂಬಿಗೆ ಕೈ ತಗುಲಿದರೆ ಮಾತ್ರ ಪೂರ್ತಿ ಕುಡಿದು ಮುಗಿಸಬೇಕು. ಶೊಂಗ್‌ನ ಕೈಗಳೋ, ಕೊಂಬು ಕಂಡರೆ ಅಮ್ಮನನ್ನು ಕಂಡ ಮಗುವಿನಂತೆ ತಾವಾಗಿಯೇ ಮೇಲೇಳುತ್ತಿದ್ದವು.

“ಕಟ್ಟಿಬಿಡೋಣ,” ಎಂದರು ಲೌ ಮಾವ.

ಹಬ್ಬದ ಬೆಳಿಗ್ಗೆ ಸೆಣಬಿನ ಹಗ್ಗದಿಂದ ಅವನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿದರು. ಆಮೇಲೆ, ಅತ್ತೆಮನೆಗೆ ಒಯ್ಯಬೇಕಾದ ಬಾತುಕೋಳಿಯನ್ನು ಹಿಡಿಯುವವರು ಯಾರು, ಅಂಟಕ್ಕಿಯ ಉಂಡೆ ಹೊರುವವರು ಯಾರು ಎಂಬ ಪ್ರಶ್ನೆ ಎದ್ದಿತು. “ನಾವಿಲ್ವಾ?” ಎಂದರು ದೊಡ್ಡಮ್ಮ. ಅವರು ಆಗಲೇ ಬೆಳ್ಳಿ ಸರ ಹಾಕಿಕೊಂಡು ತಯಾರಾಗಿದ್ದರು.

ಗದ್ದೆಯ ಬದುವಿನ ಮೇಲೆ ಕೈ ಬೀಸದೆ ನಡೆದು ನೋಡಿದವರಿಗೇ ಅದರ ಕಷ್ಟ ಗೊತ್ತು. ಮೂರನೇ ತಿರುವಿಗೇ ಶೊಂಗ್ ಕೆಸರಿಗೆ ಮಗುಚಿಕೊಂಡ. ಅವನನ್ನು ಎತ್ತಲು ಲೌ ಮಾವ ಬಾತುಕೋಳಿ ಬಿಟ್ಟರು, ಅದು ನೀರಿಗಿಳಿಯಿತು, ಅದರ ಹಿಂದೆ ಮಾವ ಇಳಿದರು. ಅವರಿಬ್ಬರೂ ಮೇಲೆ ಬರುವವರೆಗೆ ಶೊಂಗ್ ಹುಳುವಿನಂತೆ ಹೊರಳಾಡುತ್ತಿದ್ದ. ದೊಡ್ಡಮ್ಮ ತಮ್ಮ ಸೆರಗಿನಿಂದ ಅವನ ಮುಖ ಒರೆಸಿದರು, ಕೇಳದಿದ್ದರೂ ಮೂಗನ್ನೂ ಹಿಂಡಿದರು.

ಊರಬಾಗಿಲಲ್ಲಿ ಬೆಳ್ಳಿಯ ಕಿರೀಟ ತೊಟ್ಟ ಹುಡುಗಿಯರು ನಕ್ಕಿದ್ದೇ ನಕ್ಕಿದ್ದು. “ಅಳಿಯನ್ನ ಕರ್ಕೊಂಡು ಬಂದ್ರೋ, ಕಳ್ಳನ್ನ ಹಿಡ್ಕೊಂಡು ಬಂದ್ರೋ?”

ಕೊಂಬು ಬಾಯಿಗೆ ಬಂತು. ಹೊಸ ಅಕ್ಕಿಯ ಹೆಂಡದ ಘಮಕ್ಕೆ ಕಣ್ಣಲ್ಲಿ ನೀರಾಡಿತು. ಶೊಂಗ್ ನ್ಯಾಂಗ್‌ಳನ್ನು ನೆನೆದು ತುಟಿ ಬಿಗಿದ. ಅವರು ಸುರಿದರು, ಅದು ಗಲ್ಲದಿಂದಿಳಿದು ನೀಲಿ ಅಂಗಿಯನ್ನು ತೋಯಿಸಿತು. ಮುಂದೆ ಇನ್ನೊಂದು ಕಡೆ ಅಡ್ಡಗಟ್ಟಿದಾಗಲೂ ಹಾಗೇ ಆಯಿತು. ಹೊಟ್ಟೆಯೊಳಗೆ ಒಂದು ಹನಿ ಇಲ್ಲ, ಮೈಯೆಲ್ಲ ಮಾತ್ರ ಹೆಂಡದ ಮಡಕೆ.

ಕೊನೆಯಲ್ಲಿ ಕೊಂಬು ಹಿಡಿದು ಅಡ್ಡಗಟ್ಟಿ ನಿಂತವಳು ನ್ಯಾಂಗ್. ಸ್ವಲ್ಪ ಬಡವಾಗಿದ್ದಳು. ಶೊಂಗ್ ಅವಳೆದುರು ಹೋಗಿ ನಿಂತ.

“ಕುಡಿದಿಲ್ಲ ಕಣೇ,” ಎಂದ. “ಅಂಗಿ ಕುಡಿದಿರೋದು, ನಾನಲ್ಲ. ಬೇಕಾದ್ರೆ ಬಾಯಿ ಮೂಸಿ ನೋಡು.”

“ಕುಡೀಬೇಡ ಅಂದೋರ್ಯಾರು? ಹಬ್ಬದ ದಿನ ನಾನೇ ಕೊಟ್ರೂ ಕುಡಿಯಲ್ವಾ?”

“ಮತ್ತೆ ನೀನು ಹೋಗಿದ್ದು ಕುಡಿತಕ್ಕೆ ಅಂತ...”

“ಹಾಗಂತ ಯಾರು ಹೇಳಿದ್ರು?”

ಅವಳು ಅವನ ಹಿಂದೆ ನಿಂತ ಇಬ್ಬರನ್ನೂ ನೋಡಿದಳು. ಬಾತುಕೋಳಿಯನ್ನೂ ನೋಡಿದಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು.

“ನಾಟಿ ಸಮಯದಲ್ಲಿ, ಬಸಿರಿರಬೇಕು ಅನ್ಸುತ್ತೆ ಅಂತ ನಿನ್ನೊಬ್ನಿಗೆ ಹೇಳ್ದೆ. ಬೆಳಗಾಗೋದ್ರೊಳಗೆ ದೊಡ್ಡಮ್ಮ ಮೊಟ್ಟೆ ಹಿಡ್ಕೊಂಡು ಬಂದ್ರು. ಲೌ ಮಾವ ಮಗೂಗೆ ಹೆಸರೂ ಇಟ್ಟಾಗಿತ್ತು. ಆಮೇಲೆ ಏನೂ ಇಲ್ಲ ಅಂತಾದಾಗ, ಬಾವಿ ಹತ್ರ, ಗದ್ದೇಲಿ, ಸಿಕ್ಕಸಿಕ್ಕೋರಿಗೆಲ್ಲ ನಾನು ಇಲ್ಲ, ಇಲ್ಲ ಅಂತ ಹೇಳ್ಕೊಂಡು ತಿರುಗಿದೆ. ಒಂದ್ ದಿನ ಒಳಗೆ ಕೂತು ಅಳೋಕೂ ಆಗ್ಲಿಲ್ಲ. ನಮ್ಮನೇಲಿ ನಂದು, ನಿಂದು ಅಂತ ಒಂದ್ ಮಾತೂ ಉಳಿದಿಲ್ಲ ಕಣೋ.”

ಶೊಂಗ್‌ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಅವಳು ಇಷ್ಟು ದಿನ ಇದನ್ನು ಹೊತ್ತುಕೊಂಡು ತಿರುಗಿದ್ದು, ತಾನು ಅದೇ ಮನೆಯಲ್ಲಿ ಉಂಡು ಮಲಗಿದ್ದು ನೆನೆದು ನಾಚಿಕೆಯಾಯಿತು. ದೊಡ್ಡಮ್ಮ ಸೆರಗು ಹಿಡಿದು ಮುಂದೆ ಬಂದರು. ನ್ಯಾಂಗ್ ಕಣ್ಣಲ್ಲೇ ತಡೆದು, ತಾನೇ ಬೆರಳಿಂದ ಅವನ ಕೆನ್ನೆ ಒರೆಸಿದಳು.

“ಈಗ ಬೇರೆ ಯಾರ ಮಾತೂ ಬೇಡ,” ಎಂದಳು. “ನಿನ್ ಮನಸ್ಸಲ್ಲಿರೋದನ್ನ ನೀನೇ ಹೇಳು. ನಾನು ನಿನ್ ಜೊತೆ ಬರ್ಲಾ?”

ಅವನಿಗೆ ಹೇಳಬೇಕಾದದ್ದು ರಾಶಿಯಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ, ಅವನ ಕತ್ತು ತಾನಾಗಿಯೇ ಲೌ ಮಾವನ ಕಡೆ ತಿರುಗಿತು.

“‘ಬಾ’ ಅನ್ನೋ, ದಡ್ಡ,” ಎಂದು ಲೌ ಮಾವ ಪಿಸುಗುಟ್ಟಿದರು.

ಅದು ನ್ಯಾಂಗ್‌ಗೂ ಕೇಳಿಸಿತು.